ಮೊಳ, ಗೇಣು, ಅಂಗೈ: ದೇವದರ್ಶನದ ಗುಡಾರದ ಸಾಮಗ್ರಿಗಳ ಮಾದರಿಯನ್ನು ಮನೆಯಲ್ಲೇ ಕಟ್ಟುವ ಬಗೆ

ಮಂಜೂಷಕ್ಕೆ, ಅಂದರೆ ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಟ್ಟ ಪೆಟ್ಟಿಗೆಗೆ, ಅಳತೆ ಉಂಟು. ಮೇಜಿಗೆ ಉಂಟು, ಎರಡು ವೇದಿಗಳಿಗೂ ಉಂಟು. ದೀಪಸ್ತಂಭಕ್ಕೆ ಮಾತ್ರ ಇಲ್ಲ. ತಾಮ್ರದ ತೊಟ್ಟಿಗೂ ಇಲ್ಲ. ದೇವದರ್ಶನದ ಗುಡಾರವೆಂದರೆ ಮೋಶೆಯ ಕಾಲದಲ್ಲಿ ಇಸ್ರಾಯೇಲರು ಅರಣ್ಯದಲ್ಲಿ ಹೊತ್ತು ನಡೆದ ಆರಾಧನೆಯ ಡೇರೆ. ಅದನ್ನು ವಿವರಿಸುವ ಬೈಬಲಿನ ವಿಮೋಚನಕಾಂಡದ 25ನೆಯ ಅಧ್ಯಾಯವನ್ನು ಎಷ್ಟೋ ಸಲ ಓದಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಸಂಡೇ ಸ್ಕೂಲಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಕೈಯಲ್ಲಿ ಅಳತೆಪಟ್ಟಿ ಹಿಡಿದು, "ದೀಪಸ್ತಂಭ ಎಷ್ಟು ಎತ್ತರ ಇರಬೇಕು?" ಎಂದು ಒಬ್ಬ ಹುಡುಗ ಕೇಳಿದ ಮೇಲೆ ಹೊಳೆಯಿತು. ಪುಟ ತಿರುವಿದೆ, ಹಿಂದಕ್ಕೆ ತಿರುವಿದೆ. ತೂಕ ಬರೆದಿದೆ, ಹೂವಿನ ಬಟ್ಟಲುಗಳ ಎಣಿಕೆ ಬರೆದಿದೆ, ಎತ್ತರ ಬರೆದಿಲ್ಲ.

ಮಾದರಿ ಕಟ್ಟುವವರಿಗೆ ಮೊದಲ ಪಾಠ ಇದೇ. ಪಠ್ಯ ಹೇಳಿದ್ದು ಯಾವುದು, ಪರಂಪರೆ ಸೇರಿಸಿದ್ದು ಯಾವುದು, ನಾವೇ ಊಹಿಸಿದ್ದು ಯಾವುದು ಎಂಬುದನ್ನು ಕೊನೆಯವರೆಗೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ನಾನು ಒಂದು ಸರಳ ರೂಢಿ ಮಾಡಿಕೊಂಡಿದ್ದೇನೆ. ಊಹೆಯಿಂದ ಮಾಡಿದ ಪ್ರತಿ ಭಾಗದ ಅಡಿಯಲ್ಲಿ ಪೆನ್ಸಿಲ್‌ನಿಂದ "ಊ" ಎಂದು ಬರೆಯುತ್ತೇನೆ, ಯೆಹೂದಿ ಪರಂಪರೆಯಿಂದ ತೆಗೆದುಕೊಂಡದ್ದಕ್ಕೆ "ಪ" ಎಂದು. ನೋಡಲು ಬಂದವರು ವಸ್ತುವನ್ನು ಎತ್ತಿ ತಿರುಗಿಸಿದರೆ ಗುಟ್ಟು ರಟ್ಟಾಗುತ್ತದೆ, ಆಗಲಿ.

ಕತ್ತರಿಗೆ ಮೊದಲು ಓದು

ಸಾಮಗ್ರಿಗಳ ವಿವರ ಎರಡು ಸಲ ಬರುತ್ತದೆ. 25ರಿಂದ 31ರವರೆಗಿನ ಅಧ್ಯಾಯಗಳಲ್ಲಿ ದೇವರು ಮೋಶೆಗೆ ಹೇಳಿದ್ದು. 35ರಿಂದ 40ರವರೆಗೆ ಕೆಲಸಗಾರರು ಮಾಡಿದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಅಪ್ಪಣೆ ಮಂಜೂಷದಿಂದ ಶುರುವಾಗುತ್ತದೆ. ಕೆಲಸಗಾರರ ಮುಖ್ಯಸ್ಥ ಬೆಚಲೇಲನ ಕೆಲಸದ ಪಟ್ಟಿಯಲ್ಲಿ ಮಾತ್ರ ಗುಡಾರ ಮೊದಲು, ಮಂಜೂಷ ಆಮೇಲೆ. ಮನೆಯೇ ಇಲ್ಲದೆ ಮನೆಯೊಳಗಿನ ವಸ್ತು ಮಾಡಿ ಎಲ್ಲಿಡುವುದು ಎಂದು ಬೆಚಲೇಲ ಕೇಳಿದನಂತೆ ಎಂದು ಯೆಹೂದಿ ಪಂಡಿತರು ಇದಕ್ಕೆ ಒಂದು ಕತೆ ಹೇಳುತ್ತಾರೆ. ಬಡಗಿಯ ಬುದ್ಧಿ. ನಾವೂ ಅದೇ ಕ್ರಮ ಹಿಡಿಯೋಣ: ಮೊದಲು ನೆಲ, ಆಮೇಲೆ ವಸ್ತು.

ಇದರ ಜೊತೆಗೆ ರೊಟ್ಟಿಗಾಗಿ ಯಾಜಕಕಾಂಡದ 24ನೆಯ ಅಧ್ಯಾಯವನ್ನೂ, ಹೊರುವ ಕ್ರಮಕ್ಕಾಗಿ ಅರಣ್ಯಕಾಂಡದ 4ನೆಯ ಅಧ್ಯಾಯವನ್ನೂ ಓದಬೇಕು. ಓದಬಾರದ್ದು, ಅಂದರೆ ಈ ಕೆಲಸಕ್ಕೆ ಬೆರೆಸಬಾರದ್ದು, ಅರಸುಗಳ ಮೊದಲನೆಯ ಪುಸ್ತಕದ 6 ಮತ್ತು 7ನೆಯ ಅಧ್ಯಾಯಗಳು. ಅಲ್ಲಿರುವುದು ಸೊಲೊಮೋನನ ದೇವಾಲಯ. ಹತ್ತು ದೀಪಸ್ತಂಭಗಳು, ಹನ್ನೆರಡು ಎತ್ತುಗಳ ಬೆನ್ನ ಮೇಲೆ ಕೂತ ಲೋಹದ ಕಡಲು, ಹತ್ತು ಮೊಳ ಎತ್ತರದ, ಕೆರೂಬಿಗಳೆಂಬ ರೆಕ್ಕೆಯ ಜೀವಿಗಳು, ಎಲ್ಲವೂ ಅಲ್ಲಿಯವು. ಮಾರುಕಟ್ಟೆಯ ಚಿತ್ರಪಟಗಳಲ್ಲಿ ಗುಡಾರದ ಅಂಗಳಕ್ಕೆ ಆ ಎತ್ತುಗಳು ಬಂದು ನಿಂತಿರುವುದನ್ನು ನಾನೇ ಕಂಡಿದ್ದೇನೆ.

ಅಳತೆ: ಒಂದು ಮೊಳಕ್ಕೆ ನಾಲ್ಕು ಸೆಂಟಿಮೀಟರ್

ಕನ್ನಡ ಬೈಬಲ್ ಓದುವವರಿಗೆ ಒಂದು ಅನುಕೂಲವಿದೆ. ಮೊಳ, ಗೇಣು, ಅಂಗೈ ಅಗಲ ಎಂದರೆ ನಮಗೆ ವಿವರಣೆ ಬೇಡ; ಹೂವು ಮಾರುವವರು ಇಂದಿಗೂ ಮೊಳದಲ್ಲೇ ಅಳೆಯುತ್ತಾರೆ. ಇಸ್ರಾಯೇಲರ ಸಾಮಾನ್ಯ ಮೊಳವೂ ಮೊಣಕೈಯಿಂದ ನಡುಬೆರಳ ತುದಿಯವರೆಗಿನದೇ, ಸುಮಾರು 45 ಸೆಂಟಿಮೀಟರ್, ಆರು ಅಂಗೈ ಅಗಲ.

ಮಾದರಿಯಲ್ಲಿ ಒಂದು ಮೊಳವನ್ನು 4 ಸೆಂ.ಮೀ. ಎಂದು ಹಿಡಿಯಿರಿ. 1 ಸೆಂ.ಮೀ. ಹಿಡಿದರೆ ಇಡೀ ಅಂಗಳವೇ ಮೇಜಿನ ಮೇಲೆ ಕೂರುತ್ತದೆ ನಿಜ, ಆದರೆ ಮಂಜೂಷ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗುತ್ತದೆ. ಅದಕ್ಕೆ ಉಂಗುರ ಕೂರಿಸುವವರು ಯಾರು? ನಾಲ್ಕರ ಅಳತೆಯಲ್ಲಿ ಮಂಜೂಷ 10 × 6 × 6, ಮೇಜು 8 × 4 × 6, ಧೂಪವೇದಿ 4 × 4 × 8, ಯಜ್ಞವೇದಿ 20 × 20 × 12 ಸೆಂ.ಮೀ. ಆಗುತ್ತವೆ. ಗುಡಾರದ ಒಳಭಾಗ 120 × 40. ಆರು ಅಡಿಯ ಊಟದ ಮೇಜಿನ ಮೇಲೆ ಗುಡಾರ ಕೂತು, ಮುಂದೆ ಯಜ್ಞವೇದಿಗೆ ಜಾಗ ಉಳಿಯುತ್ತದೆ. ಅಂಗಳಕ್ಕೆ 4 ಮೀಟರ್ ಉದ್ದ, 2 ಮೀಟರ್ ಅಗಲ ಬೇಕಾಗುವುದರಿಂದ ಅದನ್ನು ಕಟ್ಟಬೇಡಿ. ಬೇಕೆನಿಸಿದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಲ್ಲವನ್ನೂ ನೆಲದಲ್ಲೇ ಜೋಡಿಸಿ. ಮಕ್ಕಳಿಗೆ ಅದೇ ಹೆಚ್ಚು ಇಷ್ಟ.

ಏನೇನು ಬೇಕು

3 ಮಿ.ಮೀ. ದಪ್ಪದ ಎಂಡಿಎಫ್ ಹಲಗೆ ಅಥವಾ ಅಷ್ಟೇ ದಪ್ಪದ ಗಟ್ಟಿ ರಟ್ಟು. 120 × 40 ಅಳತೆಯ ಒಂದು ಪ್ಲೈವುಡ್ ತುಂಡು. ಚಿನ್ನದ ಬಣ್ಣದ ಬೇಗಡೆ ಕಾಗದ. ತಾಮ್ರದ ಅಂಟುಪಟ್ಟಿ, ಇದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಹಿತ್ತಾಳೆ ತಂತಿ ಎರಡು ದಪ್ಪದಲ್ಲಿ: 1.2 ಮಿ.ಮೀ. ಮತ್ತು ಕೂದಲೆಳೆಯಷ್ಟು ತೆಳ್ಳನೆಯದು. ಪುಟ್ಟ ಹಿತ್ತಾಳೆ ಉಂಗುರಗಳು ಹದಿನಾಲ್ಕು. ಆಭರಣ ಕಟ್ಟುವವರು ಮಣಿಯ ತುದಿಗೆ ಕೂರಿಸುವ ಹೂವಿನಾಕಾರದ ಟೋಪಿಗಳು ಇಪ್ಪತ್ತೆರಡು, ನಾಲ್ಕೈದು ಹೆಚ್ಚೇ ಇರಲಿ. ಕಬಾಬ್ ಕಡ್ಡಿ, ದಪ್ಪ ಬಿದಿರು ಕಡ್ಡಿ, ಜರಿ ಎಳೆ, ತಂತಿ ಜಾಲರಿ, ಜೇಡಿಮಣ್ಣು, ಮರಕ್ಕೆ ಹಾಕುವ ಬಿಳಿ ಅಂಟು.

ಮೂಲದಲ್ಲಿ ಮರವೆಂದರೆ ಜಾಲೀಮರ. ಸೀನಾಯಿಯ ಒಣನೆಲದಲ್ಲಿ ಹಲಗೆಗೆ ಆಗುವಂಥ ಮರ ಬೇರೆ ಹೆಚ್ಚಿಲ್ಲ. ನಮ್ಮ ಬಯಲುಸೀಮೆಯಲ್ಲಿ ಜಾಲಿಗೆ ಬರವಿಲ್ಲವಾದ್ದರಿಂದ, ಹೊರುವ ಕೋಲುಗಳನ್ನಾದರೂ ಜಾಲಿಯ ಕಡ್ಡಿಯಲ್ಲೇ ಮಾಡಬೇಕೆಂದು ಒಂದು ವರ್ಷ ಹಟ ಹಿಡಿದಿದ್ದೆ. ಮುಳ್ಳು ಚುಚ್ಚಿಸಿಕೊಂಡದ್ದೇ ಬಂತು, ಒಂದೂ ನೇರವಾಗಿರಲಿಲ್ಲ.

ನೆಲ ಮತ್ತು ತೆರೆ

ಪ್ಲೈವುಡ್ ಮೇಲೆ ಉದ್ದಕ್ಕೂ 4 ಸೆಂ.ಮೀ.ಗೊಂದು ಗೆರೆ ಎಳೆಯಿರಿ. ಮೂವತ್ತು ಮೊಳ. ಒಂದು ತುದಿಗೆ "ಪೂರ್ವ" ಎಂದು ಬರೆಯಿರಿ, ಬಾಗಿಲು ಅಲ್ಲಿ.

ಪವಿತ್ರಸ್ಥಳವನ್ನೂ ಮಹಾಪವಿತ್ರಸ್ಥಳವನ್ನೂ ಬೇರೆಮಾಡುವ ತೆರೆ ಎಲ್ಲಿ ಬರಬೇಕು? "ಇಷ್ಟು ಮೊಳದಲ್ಲಿ" ಎಂದು ಪಠ್ಯ ನೇರವಾಗಿ ಹೇಳುವುದಿಲ್ಲ, ಲೆಕ್ಕ ಮಾತ್ರ ಒಳಗೇ ಅಡಗಿದೆ. ಒಳಗಿನ ನಾರುಬಟ್ಟೆಯ ಪರದೆಗಳು ಹತ್ತು, ಪ್ರತಿಯೊಂದೂ ನಾಲ್ಕು ಮೊಳ ಅಗಲ. ಐದೈದನ್ನು ಜೋಡಿಸಿ ಎರಡು ದೊಡ್ಡ ಪರದೆ. ಎರಡರ ನಡುವೆ ಐವತ್ತು ಚಿನ್ನದ ಕೊಂಡಿ. ತೆರೆಯನ್ನು ಆ ಕೊಂಡಿಗಳ ಕೆಳಗೆ ತೂಗುಹಾಕಬೇಕು ಎನ್ನುತ್ತದೆ 26:33. ಮುಂದಿನ ಪರದೆ ಬಾಗಿಲಿನಿಂದ ಶುರುವಾಗುತ್ತದೆಂದು ಇಟ್ಟುಕೊಂಡರೆ ಐದು ನಾಲ್ಕಲೆ ಇಪ್ಪತ್ತು. ಬಾಗಿಲಿನಿಂದ ಇಪ್ಪತ್ತು ಮೊಳಕ್ಕೆ ತೆರೆ. ಹಿಂದೆ ಉಳಿದದ್ದು ಹತ್ತು ಮೊಳ. ಅಗಲ ಹತ್ತು, ಹಲಗೆಗಳ ಎತ್ತರ ಹತ್ತು. ಮಹಾಪವಿತ್ರಸ್ಥಳ ಎಲ್ಲ ಕಡೆಯೂ ಸಮನಾದ ಒಂದು ಘನ. ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿ. ಕೊನೆಯ "ಹತ್ತು" ಬಂದಾಗ ಅವರ ಮುಖ ನೋಡುವಂತಿರುತ್ತದೆ.

ಹಾಗಾಗಿ ನಿಮ್ಮ ಹಲಗೆಯಲ್ಲಿ ಪೂರ್ವದ ತುದಿಯಿಂದ 80 ಸೆಂ.ಮೀ.ಗೆ ನಾಲ್ಕು ತೂತು ಕೊರೆದು, 40 ಸೆಂ.ಮೀ. ಎತ್ತರದ ನಾಲ್ಕು ಬಿದಿರು ಕಡ್ಡಿಗಳನ್ನು ನಿಲ್ಲಿಸಿ, ಬೇಗಡೆ ಸುತ್ತಿ. ಬುಡಕ್ಕೆ ಬೆಳ್ಳಿಯ ಬಣ್ಣ. ಬಾಗಿಲಿನಲ್ಲಿ ಐದು ಕಂಬ; ಅವುಗಳ ಬುಡ ತಾಮ್ರ. ಒಳಗೆ ಹೋದಷ್ಟೂ ಲೋಹದ ಬೆಲೆ ಏರುತ್ತದೆ ಎಂಬುದನ್ನು ಈ ಗದ್ದಿಗೆಕಲ್ಲುಗಳ ಬಣ್ಣವೇ ತೋರಿಸುತ್ತದೆ. ಬೆಳ್ಳಿ ಎಲ್ಲಿಂದ ಬಂತೆಂಬ ಜಮಾಖರ್ಚೂ 38ನೆಯ ಅಧ್ಯಾಯದಲ್ಲಿದೆ: 6,03,550 ಗಂಡಸರು, ತಲೆಗೆ ಅರ್ಧ ಶೆಕೆಲ್, ಒಟ್ಟು 100 ತಲಾಂತು 1,775 ಶೆಕೆಲ್. ನೂರು ತಲಾಂತು ನೂರು ಗದ್ದಿಗೆಗಳಿಗೆ, ಮಿಕ್ಕಿದ್ದು ಕೊಕ್ಕೆ ಕಟ್ಟುಗಳಿಗೆ. ಎರಡೂ ಆ ಕಾಲದ ತೂಕಗಳು; ತಲಾಂತಿಗೆ 3,000 ಶೆಕೆಲ್ ಹಿಡಿದು ಕೂಡಿ ನೋಡಿ, ಒಂದು ಶೆಕೆಲ್ ಆಚೀಚೆ ಆಗುವುದಿಲ್ಲ.

ತೆರೆಗೆ 40 × 40ರ ಬಿಳಿ ನೂಲುಬಟ್ಟೆ ಸಾಕು. ಅದರ ಮೇಲೆ ನೀಲಿ, ಧೂಮ್ರ, ರಕ್ತವರ್ಣದ ದಾರಗಳಲ್ಲಿ ಕೆರೂಬಿಗಳ ಆಕೃತಿ ಬರಬೇಕು. ಕಸೂತಿ ಬಲ್ಲ ಹಿರಿಯರು ಸಭೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಈ ಕೆಲಸವನ್ನು ಅವರ ಕೈಗೆ ಕೊಟ್ಟು ದೂರ ನಿಲ್ಲಿ. ಗೋಡೆ ಮತ್ತು ಚಾವಣಿ ಬೇಡ. ಕಟ್ಟಿದರೆ ಒಳಗಿನದು ಯಾರಿಗೂ ಕಾಣುವುದಿಲ್ಲ.

ಮಂಜೂಷ

ಇಲ್ಲಿ ಅವಸರ ಮಾಡಬೇಡಿ. 3 ಮಿ.ಮೀ. ಹಲಗೆಗೆ ಕತ್ತರಿಸುವ ಪಟ್ಟಿ ಹೀಗಿದೆ: ಉದ್ದದ ಬದಿಗಳು 10 × 6, ಎರಡು. ಗಿಡ್ಡ ಬದಿಗಳು 5.4 × 6, ಎರಡು. ತಳ 9.4 × 5.4, ಒಂದು. ಗಿಡ್ಡ ಬದಿಗಳೂ ತಳವೂ ಉದ್ದದ ಬದಿಗಳ ನಡುವೆ ಕೂರುವುದರಿಂದ ಹಲಗೆಯ ದಪ್ಪವನ್ನು ಎರಡೂ ಕಡೆ ಕಳೆಯಬೇಕು. ಇದನ್ನು ಮರೆತು ಎಲ್ಲವನ್ನೂ ಪೂರ್ತಿ ಅಳತೆಗೆ ಕತ್ತರಿಸಿದರೆ ಪೆಟ್ಟಿಗೆ ಆರು ಮಿಲಿಮೀಟರ್ ಉಬ್ಬುತ್ತದೆ, ಮುಚ್ಚಳ ಕೂರುವುದಿಲ್ಲ.

ಅಂಟಿಸುವ ಮೊದಲು ಒಳಮೈಗಳಿಗೆ ಬೇಗಡೆ ಹಚ್ಚಿ. "ಒಳಗೂ ಹೊರಗೂ" ಚಿನ್ನದ ತಗಡು ಹೊದಿಸಬೇಕೆಂದು ಪಠ್ಯವೇ ಹೇಳಿದೆ. ಪೆಟ್ಟಿಗೆ ಕಟ್ಟಿದ ಮೇಲೆ ಮೂಲೆಗಳಿಗೆ ಬೆರಳು ಹೋಗುವುದಿಲ್ಲ. ಬೇಗಡೆಯ ಕೆಳಗೆ ಗಾಳಿ ಉಳಿಯದಂತೆ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ತೀಡಿ. ನಂತರ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಹೊರಮೈ. ಮೇಲಂಚಿನ ಸುತ್ತ ಬರುವ ಚಿನ್ನದ ಕಟ್ಟಿಗೆ ಮೂರೆಳೆ ಜರಿಯನ್ನು ಹೊಸೆದು ಅಂಟಿಸಿದರೆ ಸೊಗಸಾಗಿ ಒಪ್ಪುತ್ತದೆ.

ನಾಲ್ಕು ಉಂಗುರಗಳ ವಿಷಯದಲ್ಲಿ ಎರಡು ಪ್ರಶ್ನೆಗಳಿವೆ. ಅವು ಮೇಲಿನ ಮೂಲೆಯಲ್ಲೋ, ಕೆಳಗಿನ ಕಾಲಿನಲ್ಲೋ? ಹೀಬ್ರೂ ಪದ ಎರಡಕ್ಕೂ ಎಡೆಕೊಡುತ್ತದೆ. ನಾನು ಕೆಳಗೆ ಕೂರಿಸುತ್ತೇನೆ. ಹೊತ್ತಾಗ ಮಂಜೂಷ ಹೆಗಲಿಗಿಂತ ಮೇಲೆ ಎದ್ದು ಕಾಣುತ್ತದೆ. ಇನ್ನೊಂದು, ಕೋಲುಗಳು ಉದ್ದದ ಬದಿಗೋ, ಗಿಡ್ಡ ಬದಿಗೋ? ಕ್ರೈಸ್ತ ಚಿತ್ರಗಳಲ್ಲಿ ಸಾಮಾನ್ಯವಾಗಿ ಉದ್ದದ ಬದಿ. ಹನ್ನೊಂದನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಹೇಳುವುದೇ ಬೇರೆ: ಕೋಲುಗಳು ಗಿಡ್ಡ ಬದಿಗಳಲ್ಲಿರಬೇಕು, ಆಗ ಎರಡು ಕೋಲುಗಳ ನಡುವೆ ಎರಡೂವರೆ ಮೊಳ ಜಾಗ ಸಿಕ್ಕಿ, ಮುಂದೆ ಇಬ್ಬರು ಹಿಂದೆ ಇಬ್ಬರು ಒಳಗೆ ನಡೆಯಬಹುದು. ಹೊತ್ತು ನೋಡಿದವರ ಮಾತಿನಂತೆ ಕೇಳಿಸುತ್ತದೆ. ನೀವು ಯಾವುದನ್ನು ಆರಿಸಿದರೂ ಪೆನ್ಸಿಲ್ ಗುರುತು ಮರೆಯಬೇಡಿ. ಕೋಲಿನ ಉದ್ದವೂ ಪಠ್ಯದಲ್ಲಿಲ್ಲ. ನನ್ನದು 20 ಸೆಂ.ಮೀ., ಐದು ಮೊಳ, ಶುದ್ಧ ಊಹೆ.

ಉಂಗುರಗಳನ್ನು ಅಂಟಿಸಬೇಡಿ. ಹಲಗೆಗೆ ಸಣ್ಣ ತೂತು ಹಾಕಿ ತೆಳುತಂತಿಯಿಂದ ಒಳಗಿನಿಂದ ಬಿಗಿಯಿರಿ. ನಾನು ಮೊದಲ ವರ್ಷ ಬಿಸಿ ಅಂಟಿನಿಂದ ಹಚ್ಚಿದ್ದೆ. ಪ್ರದರ್ಶನದ ದಿನ ಇಬ್ಬರು ಮಕ್ಕಳು ಕೋಲು ಹಿಡಿದು ಎತ್ತಿ ಎರಡು ಹೆಜ್ಜೆ ಇಟ್ಟಿರಲಿಲ್ಲ, ಒಂದು ಉಂಗುರ ಕಿತ್ತು ಬಂತು. ಪೆಟ್ಟಿಗೆ ವಾಲಿತು. ಪಕ್ಕದಲ್ಲಿದ್ದ ಹುಡುಗಿ ತಟ್ಟನೆ ಕೈ ಚಾಚಿ ಹಿಡಿದಳು. ಹಿಂದಿನ ಸಾಲಿನಿಂದ ಯಾರೋ "ಉಜ್ಜ! ಉಜ್ಜ!" ಎಂದು ಕೂಗಿದರು. ಸಮುವೇಲನ ಎರಡನೆಯ ಪುಸ್ತಕದ 6ನೆಯ ಅಧ್ಯಾಯದಲ್ಲಿ, ವಾಲಿದ ಮಂಜೂಷಕ್ಕೆ ಕೈ ಚಾಚಿ ಸತ್ತವನು ಉಜ್ಜ; ಅದನ್ನು ಓದಿದವರಿಗೆ ಆ ಕೂಗು ಅರ್ಥವಾಗುತ್ತದೆ.

ಈಗ ಕೃಪಾಸನ, ಅಂದರೆ ಮಂಜೂಷದ ಮುಚ್ಚಳ. ಉದ್ದ ಅಗಲ ಬರೆದಿದೆ, 10 × 6, ದಪ್ಪ ಬರೆದಿಲ್ಲ. ಒಂದು ಅಂಗೈ ಅಗಲದಷ್ಟು ದಪ್ಪ ಎನ್ನುತ್ತದೆ ಯೆಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದ್. ನನಗೆ ಒಂದು ಅನುಮಾನ ಬಂದು ಲೆಕ್ಕ ಹಾಕಿದೆ. ಮೊಳಕ್ಕೆ 45 ಸೆಂ.ಮೀ. ಹಿಡಿದರೆ ನಿಜವಾದ ಮುಚ್ಚಳ ಸುಮಾರು 112 × 67 ಸೆಂ.ಮೀ., ದಪ್ಪ ಏಳೂವರೆ. ಅಷ್ಟು ಗಾತ್ರದ ಅಪ್ಪಟ ಚಿನ್ನ ಒಂದು ಸಾವಿರ ಕಿಲೋ ದಾಟುತ್ತದೆ. ಇಡೀ ಗುಡಾರಕ್ಕೆ ಬಂದ ಚಿನ್ನ 29 ತಲಾಂತು 730 ಶೆಕೆಲ್. ತಲಾಂತಿಗೆ ಸುಮಾರು 34 ಕಿಲೋ ಎಂದರೆ ಅದೂ ಹೆಚ್ಚುಕಡಿಮೆ ಒಂದು ಸಾವಿರ ಕಿಲೋ. ಮುಚ್ಚಳವೊಂದೇ ಎಲ್ಲವನ್ನೂ ನುಂಗಿಬಿಟ್ಟರೆ ದೀಪಸ್ತಂಭಕ್ಕೆ ಉಳಿಯುವುದೇನು? ಆದ್ದರಿಂದ ನಾನು ತೆಳು ಮುಚ್ಚಳದ ಕಡೆಗೆ. ಒಂದೇ ಪದರದ ಹಲಗೆ, ಎರಡೂ ಮೈಗೆ ಬೇಗಡೆ.

ಕೆರೂಬಿಗಳಿಗೆ ಕ್ರಿಸ್‌ಮಸ್ ಗೋದಲಿಯಲ್ಲಿ ಮಿಕ್ಕಿದ ದೇವದೂತರ ಗೊಂಬೆಗಳನ್ನು ತಂದು ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಪಠ್ಯ ಹೇಳುವುದು ಇಷ್ಟು: ಎರಡು, ಮುಚ್ಚಳದ ಎರಡು ತುದಿಗಳಲ್ಲಿ, ಮುಚ್ಚಳದೊಂದಿಗೆ ಒಂದೇ ತುಂಡಾಗಿ ಬಡಿದು ಮಾಡಿದ್ದು; ರೆಕ್ಕೆಗಳು ಮೇಲಕ್ಕೆ ಹರಡಿ ಮುಚ್ಚಳವನ್ನು ಕವಿದಿವೆ; ಮುಖಗಳು ಒಂದಕ್ಕೊಂದು ಎದುರಾಗಿ, ದೃಷ್ಟಿ ಕೃಪಾಸನದ ಕಡೆಗೆ. ಮೈ ಮನುಷ್ಯನದೋ ಮೃಗದ್ದೋ ತಿಳಿಸಿಲ್ಲ. ಆ ಕಾಲದ ಆ ಸೀಮೆಯ ಕೆತ್ತನೆಗಳಲ್ಲಿ ಸಿಂಹದ ಮೈ, ಮನುಷ್ಯಮುಖ, ರೆಕ್ಕೆ ಇರುವ ಜೀವಿಗಳು ರಾಜರ ಪೀಠಗಳ ಬದಿಯಲ್ಲಿ ಕಾಣುತ್ತವೆ. 1923ರಲ್ಲಿ ಲೆಬನಾನಿನ ಬಿಬ್ಲೋಸ್‌ನಲ್ಲಿ ಸಿಕ್ಕ ಅಹೀರಾಮ್ ಅರಸನ ಶವಪೆಟ್ಟಿಗೆಯ ಮೇಲೂ ಅಂಥ ಪೀಠವಿದೆ. ನಾನು ಮುಖದ ವಿವರವನ್ನೇ ಕೊಡುವುದಿಲ್ಲ. ತಂತಿಯ ಅಸ್ಥಿಪಂಜರ, ಅದರ ಮೇಲೆ ಎರಡು ಪದರ ಬೇಗಡೆ, ರೆಕ್ಕೆಗೆ ಗರಿಯ ಗೆರೆಗಳನ್ನು ಒಣಗಿದ ಪೆನ್ನಿನಿಂದ ಒತ್ತುವುದು. ಮುಚ್ಚಳಕ್ಕೆ ತೂತು ಮಾಡಿ ಕಾಲಿನ ತಂತಿಯನ್ನು ಕೆಳಗಿನಿಂದ ಮಡಿಸಿದರೆ ಗಟ್ಟಿ ನಿಲ್ಲುತ್ತವೆ.

ಒಳಗೆ ಏನಿಡಬೇಕು? ಒಡೆದ ಸ್ಲೇಟಿನ ಎರಡು ತುಂಡು. ಮನ್ನದ ಪಾತ್ರೆಯನ್ನೂ ಆರೋನನ ಚಿಗುರಿದ ಕೋಲನ್ನೂ ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರ ಒಳಗೆ ಎಣಿಸುತ್ತದೆ. ಅರಸುಗಳ ಮೊದಲನೆಯ ಪುಸ್ತಕ 8:9ರಲ್ಲಿ ಎರಡು ಕಲ್ಲಿನ ಹಲಗೆಗಳ ಹೊರತು ಏನೂ ಇರಲಿಲ್ಲ ಎಂದಿದೆ. ಹೀಬ್ರೂ ಗ್ರಂಥದ ಮಾದರಿ ಎಂದಮೇಲೆ ಹಲಗೆಗಳು ಒಳಗೆ, ಉಳಿದೆರಡು ಮುಂದೆ.

ರೊಟ್ಟಿಯ ಮೇಜು

ಮೇಲ್ಹಲಗೆ 8 × 4, ಒಟ್ಟು ಎತ್ತರ 6. ಒಂದು ಅಂಗೈ ಅಗಲದ ಪಟ್ಟಿ ಸುತ್ತ ಬರಬೇಕು. ನಮ್ಮ ಅಳತೆಯಲ್ಲಿ ಏಳು ಮಿ.ಮೀ.ಗೆ ತುಸು ಕಡಿಮೆ. ಅದು ಮೇಲ್ಹಲಗೆಯ ಅಂಚಿನಲ್ಲೋ ಕಾಲುಗಳ ನಡುವೆಯೋ ಸ್ಪಷ್ಟವಿಲ್ಲ. ಕಾಲುಗಳ ನಡುವೆ, ಮೇಲ್ಹಲಗೆಗೆ ತಾಗಿದಂತೆ ಕೂರಿಸಿದರೆ ಮೇಜು ಅಲುಗಾಡುವುದು ನಿಲ್ಲುತ್ತದೆ. ಉಂಗುರಗಳು ಆ ಪಟ್ಟಿಯ ಹತ್ತಿರ, ನಾಲ್ಕು ಕಾಲುಗಳ ಬಳಿ.

ಹನ್ನೆರಡು ರೊಟ್ಟಿ, ಆರಾರರ ಎರಡು ಸಾಲು. ಸಾಲು ಎಂದ ಕೂಡಲೇ ಚಿತ್ರಕಾರರು ಬನ್ನಿನಂಥ ಹನ್ನೆರಡು ಉಂಡೆಗಳನ್ನು ಹರಡಿಬಿಡುತ್ತಾರೆ. ಯಾಜಕಕಾಂಡ ಒಂದೊಂದು ರೊಟ್ಟಿಗೆ ಏಫದ ಹತ್ತರಲ್ಲಿ ಎರಡು ಪಾಲು ಹಿಟ್ಟು ಎನ್ನುತ್ತದೆ. ಏಫವನ್ನು ಸುಮಾರು 22 ಲೀಟರ್ ಎಂದು ಹಿಡಿದರೆ ಒಂದು ರೊಟ್ಟಿಗೆ ನಾಲ್ಕು ಲೀಟರ್‌ಗೂ ಮೇಲೆ. ನಾಲ್ಕು ಸೇರಿನ ರೊಟ್ಟಿ! ಮೇಜಿನ ಅಳತೆ 90 × 45 ಸೆಂ.ಮೀ. ಅಂಥ ಹನ್ನೆರಡನ್ನು ಅಗಲಕ್ಕೆ ಹರಡಲು ಸಾಧ್ಯವೇ ಇಲ್ಲ. ಒಂದರ ಮೇಲೊಂದು ಪೇರಿಸಲೇಬೇಕು. ಎರಡು ಪೇರಿಕೆ, ಆರಾರು. ಹುಳಿ ಹಾಕದ ರೊಟ್ಟಿ ಎಂದು ಮೊದಲನೆಯ ಶತಮಾನದ ಇತಿಹಾಸಕಾರ ಯೋಸೆಫ ಬರೆದಿದ್ದಾನೆ, ಹಾಗಾಗಿ ಚಪ್ಪಟೆಯಾಗಿಯೇ ಇರಲಿ.

ಎರಡು ಪಾಲು ಮೈದಾ, ಒಂದು ಪಾಲು ಪುಡಿ ಉಪ್ಪು, ಕಲಸಲು ನೀರು. 3 ಸೆಂ.ಮೀ. ಅಗಲ, 4 ಮಿ.ಮೀ. ದಪ್ಪಕ್ಕೆ ತಟ್ಟಿ ಎರಡು ದಿನ ಬಿಸಿಲಿಗಿಡಿ. ಮಧ್ಯೆ ತಿರುವಿಹಾಕದಿದ್ದರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಒಣಗಿದ ಮೇಲೆ ವಾರ್ನಿಷ್ ಬಳಿಯಿರಿ, ಇರುವೆಗಳಿಗೆ ಪವಿತ್ರ ಅಪವಿತ್ರದ ಭೇದವಿಲ್ಲ. ಪೇರಿಕೆಗಳ ಜೊತೆಗೆ ಎರಡು ಪುಟ್ಟ ಬಟ್ಟಲಲ್ಲಿ ಸಾಂಬ್ರಾಣಿಯ ಹರಳು ಇಡಿ. ಪ್ರತಿ ಸಾಲಿಗೂ ಸುಗಂಧದ್ರವ್ಯ ಇಡಬೇಕೆಂಬ ಮಾತು ಅಲ್ಲಿಯೇ ಇದೆ.

ದೀಪಸ್ತಂಭ

ಒಂದು ಎಚ್ಚರಿಕೆ ಮೊದಲು. ಆನ್‌ಲೈನ್‌ನಲ್ಲಿ "ಮೆನೋರಾ" ಎಂದು ಮಾರುವ ದೀಪಗಳಲ್ಲಿ ಹಲವು ಯೆಹೂದ್ಯರ ಹನುಕ್ಕಾ ಹಬ್ಬದವು, ಅವಕ್ಕೆ ಒಂಬತ್ತು ದೀಪ. ಇಲ್ಲಿ ಬೇಕಾದದ್ದು ಏಳು. ಮೇಣದಬತ್ತಿಯನ್ನೂ ಚುಚ್ಚಬೇಡಿ. ಇವು ಜಜ್ಜಿದ ಆಲಿವ್ ಕಾಯಿಯ ಎಣ್ಣೆ ಉರಿಯುವ ಹಣತೆಗಳು.

ಎತ್ತರಕ್ಕೆ ತಾಲ್ಮುದ್‌ನ ಮಾತು ಹಿಡಿದಿದ್ದೇನೆ: ಹದಿನೆಂಟು ಅಂಗೈ, ಅಂದರೆ ಮೂರು ಮೊಳ, ನಮಗೆ 12 ಸೆಂ.ಮೀ. ಕೊಂಬೆಗಳು ಬಾಗಿದ್ದವೋ ನೇರವಾಗಿದ್ದವೋ ಎಂಬ ಜಗಳ ಹಳೆಯದು. ಹನ್ನೆರಡನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್‌ನ ಹಸ್ತಪ್ರತಿಯ ರೇಖಾಚಿತ್ರದಲ್ಲಿ ನೇರ. ಅದಕ್ಕಿಂತ ಸಾವಿರ ವರ್ಷ ಹಿಂದಿನ ರೋಮಿನ ಟೈಟಸ್ ಕಮಾನಿನಲ್ಲಿ, ಅದಕ್ಕೂ ಹಿಂದಿನ, ಯೆಹೂದ್ಯರ ಅರಸ ಆಂಟಿಗೋನಸ್‌ನ ನಾಣ್ಯದಲ್ಲಿ ಬಾಗಿದೆ. ಅವು ಎರಡನೆಯ ದೇವಾಲಯದ ದೀಪದ ಸಾಕ್ಷಿ, ಗುಡಾರದ್ದಲ್ಲ. ಆದರೂ ಹಳೆಯ ಸಾಕ್ಷಿಗೆ ನನ್ನ ಮತ.

ಪಠ್ಯದ ಮುಖ್ಯ ಷರತ್ತು ಬೇರೆ: ಬುಡ, ಕಾಂಡ, ಕೊಂಬೆ, ಬಟ್ಟಲು, ಹೂವು ಎಲ್ಲವೂ ಒಂದೇ ತುಂಡಿನಿಂದ ಬಡಿದು ಎಬ್ಬಿಸಿದ್ದು. ಬೆಸುಗೆ ಇಲ್ಲ. ನಾವು ಒಂದು ತಲಾಂತು ಚಿನ್ನ ಬಡಿಯಲಾರೆವು, ಆದರೆ ಕೊಂಬೆಯನ್ನು ಕಾಂಡಕ್ಕೆ ಅಂಟಿಸದೆ, ಕಾಂಡದೊಳಗಿಂದಲೇ ತೆಗೆಯಬಹುದು. ಹೀಗೆ:

1. 1.2 ಮಿ.ಮೀ. ಹಿತ್ತಾಳೆ ತಂತಿಯ ಏಳು ತುಂಡು, ಒಂದೊಂದು 20 ಸೆಂ.ಮೀ. ಏಳನ್ನೂ ಒಟ್ಟಿಗೆ ಹಿಡಿದು, ಕೆಳಗೆ 3 ಸೆಂ.ಮೀ. ಬಿಟ್ಟು, ಅಲ್ಲಿಂದ 6 ಸೆಂ.ಮೀ. ಉದ್ದಕ್ಕೆ ಇಕ್ಕಳದಿಂದ ಹೊಸೆಯಿರಿ.

2. ಬಿಟ್ಟ 3 ಸೆಂ.ಮೀ.ಗಳನ್ನು ಬೇರಿನಂತೆ ಹೊರಕ್ಕೆ ಬಾಗಿಸಿ, ಜೇಡಿಮಣ್ಣಿನ ಬಿಲ್ಲೆಯೊಳಗೆ ಹುಗಿಯಿರಿ. ಇದು ಬುಡ.

3. 6 ಸೆಂ.ಮೀ. ಎತ್ತರದಲ್ಲಿ ಎರಡು ತಂತಿಗಳನ್ನು ಎಡಬಲಕ್ಕೆ ಬಿಡಿಸಿ. ಉಳಿದ ಐದನ್ನು 8 ಸೆಂ.ಮೀ.ವರೆಗೆ ಹೊಸೆದು ಮತ್ತೆರಡನ್ನು ಬಿಡಿಸಿ. ಮೂರನ್ನು 10ರವರೆಗೆ ಹೊಸೆದು ಇನ್ನೆರಡು. ಕೊನೆಯ ಒಂದು ನೇರ 12ಕ್ಕೆ ಹೋಗಲಿ.

4. ಪ್ರತಿ ಜೋಡಿ ಬೇರೆಯಾಗುವ ಜಾಗದ ಕೆಳಗೆ ತೆಳುತಂತಿಯನ್ನು ಹತ್ತು ಸುತ್ತು ಸುತ್ತಿ ಗಂಟು ಮಾಡಿ. ಪ್ರತಿ ಜೋಡಿ ಕೊಂಬೆಗಳ ಕೆಳಗೆ ಒಂದು ಗುಬ್ಬಿ ಇರಬೇಕೆಂದು 25:35 ಹೇಳುತ್ತದೆ. ಹೊಸೆದ ತಂತಿ ಬಿಚ್ಚಿಕೊಳ್ಳದಂತೆ ಹಿಡಿಯುವುದೂ ಈ ಗುಬ್ಬಿಯೇ.

5. ಕೊಂಬೆಗಳನ್ನು ಅಡುಗೆಮನೆಯ ದುಂಡು ಬಟ್ಟಲುಗಳ ಅಂಚಿನ ಮೇಲೆ ಬಾಗಿಸಿ: ಕೆಳಗಿನ ಜೋಡಿಗೆ 6, ನಡುವಿನದಕ್ಕೆ 4, ಮೇಲಿನದಕ್ಕೆ 2 ಸೆಂ.ಮೀ. ತ್ರಿಜ್ಯ. ಏಳು ತುದಿಗಳೂ ಒಂದೇ ಮಟ್ಟದಲ್ಲಿ, ಎರಡೆರಡು ಸೆಂ.ಮೀ. ಅಂತರದಲ್ಲಿ ತಾವಾಗಿಯೇ ಬಂದು ನಿಲ್ಲುತ್ತವೆ. ಹೆಚ್ಚಾದದ್ದನ್ನು ಕತ್ತರಿಸಿ.

6. ಬಾದಾಮಿ ಹೂವಿನಾಕಾರದ ಬಟ್ಟಲುಗಳು ಕೊಂಬೆಗೆ ಮೂರರಂತೆ ಹದಿನೆಂಟು, ಕಾಂಡಕ್ಕೆ ನಾಲ್ಕು, ಒಟ್ಟು ಇಪ್ಪತ್ತೆರಡು. ಮಣಿಟೋಪಿಗಳನ್ನು ತುದಿಯಿಂದ ಪೋಣಿಸಿ, ಒಂದು ಹನಿ ಅಂಟು ಹಾಕಿ. ಕಾಂಡದ ನಾಲ್ಕರಲ್ಲಿ ಮೂರು ಮೇಲಿನ ಒಂಟಿ ತಂತಿಗೆ ಹೋಗುತ್ತವೆ; ನಾಲ್ಕನೆಯದನ್ನು ಒಂದು ಕಡೆ ಸೀಳಿ ಕೆಳಗೆ ಸುತ್ತಿಕೊಳ್ಳಿ.

7. ಹಣತೆಗಳನ್ನು ಕಡಲೆಕಾಳಿನಷ್ಟು ಜೇಡಿಮಣ್ಣಿನಿಂದ ಮಾಡಿ, ಒಂದು ಬದಿ ಚಿವುಟಿ ಮೂತಿ ಎಬ್ಬಿಸಿ, ಒಣಗಿದ ಮೇಲೆ ಚಿನ್ನದ ಬಣ್ಣ ಬಳಿಯಿರಿ. ಬೆಳಕು ಮುಂದಕ್ಕೆ ಬೀಳುವಂತೆ ಏಳರ ಮೂತಿಯೂ ಒಂದೇ ಕಡೆ, ಎದುರಿನ ಮೇಜಿನತ್ತ, ಇರಲಿ.

ಐದನೆಯ ಹೆಜ್ಜೆಯಲ್ಲಿ ತಂತಿ ಒಮ್ಮೆ ತಪ್ಪು ಬಾಗಿದರೆ ನೇರ ಮಾಡಲು ಹೋಗಬೇಡಿ, ಮುರಿಯುತ್ತದೆ. ನನ್ನ ಮೊದಲ ಎರಡು ಸ್ತಂಭಗಳು ಹಾಗೆಯೇ ಹೋದವು.

ಧೂಪವೇದಿ

4 × 4 × 8ರ ನಿಂತ ಪೆಟ್ಟಿಗೆ, ಮೇಲೆ ನಾಲ್ಕು ಮೂಲೆಗಳಲ್ಲಿ ಕೊಂಬು, ಸುತ್ತ ಜರಿಯ ಕಟ್ಟು, ಬೇಗಡೆ. ಕೊಂಬೆಂದರೆ ಎತ್ತಿನ ಕೊಂಬಲ್ಲ. ಇಸ್ರೇಲಿನ ಮೆಗಿದ್ದೋವಿನಲ್ಲಿ ಸಿಕ್ಕ ಸುಣ್ಣಕಲ್ಲಿನ ವೇದಿಗಳನ್ನು ನೋಡಿದರೆ ಅವು ಮೂಲೆಯಲ್ಲಿ ಮೇಲಕ್ಕೆ ಚೂಪಾದ ಪುಟ್ಟ ಏಣುಗಳು ಎಂದು ತಿಳಿಯುತ್ತದೆ. ಉಳಿದವಕ್ಕೆ ನಾಲ್ಕು ಉಂಗುರ ಹೇಳಿದ ಪಠ್ಯ ಇದಕ್ಕೆ ಕಟ್ಟಿನ ಕೆಳಗೆ ಎರಡೂ ಬದಿಗಳಲ್ಲಿ ಎರಡು ಉಂಗುರ ಎನ್ನುತ್ತದೆ. ಬದಿಗೊಂದೋ, ಬದಿಗೆರಡೋ ಎಂಬ ಚರ್ಚೆ ಇದೆ. ನಾನು ಬದಿಗೊಂದು ಹಾಕಿದ್ದೇನೆ.

30ನೆಯ ಅಧ್ಯಾಯದ ಕೊನೆಯಲ್ಲಿ ಧೂಪದ ಮಿಶ್ರಣದ ಪಾಕವಿದೆ. ಅದನ್ನು ತಯಾರಿಸಲು ಹೋಗಬೇಡಿ; ಸ್ವಂತಕ್ಕಾಗಿ ಅದರಂತೆ ಮಾಡಬಾರದೆಂದು ಅಲ್ಲೇ ಕಟ್ಟುನಿಟ್ಟಾಗಿ ಹೇಳಿದೆ, ಅಭಿಷೇಕತೈಲಕ್ಕೂ ಅದೇ ನಿಷೇಧ. ಯೆಹೂದ್ಯರಿಗೆ ಇದು ಇಂದಿಗೂ ಆಟದ ವಿಷಯವಲ್ಲ. ಹಾಗೆಯೇ ರಟ್ಟಿನ ವೇದಿಯ ಮೇಲೆ ಊದುಬತ್ತಿ ಹಚ್ಚುವ ಆಸೆಯನ್ನೂ ಬಿಡಿ.

ಯಜ್ಞವೇದಿ ಮತ್ತು ತೊಟ್ಟಿ

ಯಜ್ಞವೇದಿ ತಳವಿಲ್ಲದ ಟೊಳ್ಳು ಪೆಟ್ಟಿಗೆ: 20 × 12ರ ಎರಡು, 19.4 × 12ರ ಎರಡು ಹಲಗೆ. ಬೇಗಡೆಯ ಬದಲು ತಾಮ್ರದ ಪಟ್ಟಿ. ಹೀಬ್ರೂವಿನಲ್ಲಿ ತಾಮ್ರಕ್ಕೂ ಕಂಚಿಗೂ ಒಂದೇ ಪದ. ಕನ್ನಡ ಬೈಬಲ್ ತಾಮ್ರ ಎಂದಿದೆ, ಇಂಗ್ಲಿಷಿನ ಹಲವು ಅನುವಾದಗಳು ಕಂಚು ಎನ್ನುತ್ತವೆ. ಜಾಲರಿ ವೇದಿಯ ಅರ್ಧ ಎತ್ತರದವರೆಗೆ ಬರಬೇಕು. ಅದು ಒಳಗೆ ಅಡ್ಡಡ್ಡ ಕೂತಿತ್ತೋ, ಹೊರಗೆ ಸುತ್ತ ನಿಂತಿತ್ತೋ? ಒಳಗೆ 6 ಸೆಂ.ಮೀ. ಎತ್ತರದಲ್ಲಿ ನಾಲ್ಕು ತುಂಡುಗಳ ಮೇಲೆ ಕೂರಿಸುವುದು ಸುಲಭ. ಹೊರುವ ಉಂಗುರಗಳು ಆ ಜಾಲರಿಯ ನಾಲ್ಕು ಮೂಲೆಗಳಿಗೆ ಸೇರಿದವಾದ್ದರಿಂದ ತಂತಿಯನ್ನು ಗೋಡೆಯ ತೂತಿನ ಮೂಲಕ ಹೊರಗೆ ತರಬೇಕು. ಮೆಟ್ಟಿಲು ಇಡಬೇಡಿ, 20:26 ಬೇಡ ಎನ್ನುತ್ತದೆ. ಕೊಂಬುಗಳಿಗೆ ದೊಡ್ಡ ನಮೂನೆ ಬೇಕಿದ್ದರೆ 1973ರಲ್ಲಿ ತೆಲ್ ಬೇರ್ಷೆಬದಲ್ಲಿ ಸಿಕ್ಕ ವೇದಿಯ ಚಿತ್ರ ನೋಡಿ. ಅದರ ಕಲ್ಲುಗಳನ್ನು ಯಾರೋ ಕಿತ್ತು ಉಗ್ರಾಣದ ಗೋಡೆಗೆ ಸೇರಿಸಿಬಿಟ್ಟಿದ್ದರು.

ತೊಟ್ಟಿಗೆ ಅಳತೆಯಿಲ್ಲ, ಆಕಾರವಿಲ್ಲ, ಒಂದು ಪೀಠ ಇತ್ತೆಂದು ಮಾತ್ರ ಗೊತ್ತು. ಆದರೆ ಬೇರಾವ ವಸ್ತುವಿಗೂ ಇಲ್ಲದ ಒಂದು ವಿವರ ಇದಕ್ಕಿದೆ: ಗುಡಾರದ ಬಾಗಿಲಲ್ಲಿ ಸೇವೆಮಾಡುತ್ತಿದ್ದ ಹೆಂಗಸರ ಲೋಹದ ಕನ್ನಡಿಗಳಿಂದ ಮಾಡಿದ್ದು. ಪಾತ್ರೆ ಅಂಗಡಿಯಲ್ಲಿ ಆರೇಳು ಸೆಂ.ಮೀ. ಅಗಲದ ಎರಡು ತಾಮ್ರದ ಬಟ್ಟಲು ಕೊಳ್ಳಿ. ಒಂದನ್ನು ಬೋರಲು ಹಾಕಿ, ಅದರ ಮೇಲೆ ಇನ್ನೊಂದನ್ನು ಕೂರಿಸಿ. ಹುಣಸೆಹಣ್ಣು ಹಾಕಿ ಮುಖ ಕಾಣುವಷ್ಟು ತಿಕ್ಕಿ.

ಜೋಡಣೆ

ಮೊಬೈಲಿನ ದಿಕ್ಸೂಚಿ ನೋಡಿ ಬಾಗಿಲನ್ನು ನಿಜವಾದ ಪೂರ್ವಕ್ಕೇ ತಿರುಗಿಸಿ. 40ನೆಯ ಅಧ್ಯಾಯದ ಕ್ರಮದಂತೆ ಇಡುತ್ತಾ ಹೋಗಿ: ಮಂಜೂಷ, ತೆರೆ, ಮೇಜು, ದೀಪಸ್ತಂಭ, ಧೂಪವೇದಿ, ಬಾಗಿಲ ಪರದೆ, ಯಜ್ಞವೇದಿ, ತೊಟ್ಟಿ. ಒಳಗೆ ಹೋಗುವವರ ಬಲಗೈಗೆ ಉತ್ತರ, ಅಲ್ಲಿ ಮೇಜು. ಎಡಗೈಗೆ ದಕ್ಷಿಣ, ಅಲ್ಲಿ ದೀಪ. ಧೂಪವೇದಿ ತೆರೆಯ ಎದುರಿಗೆ, ಈಚೆ ಬದಿಯಲ್ಲಿ. ತೊಟ್ಟಿ ಗುಡಾರಕ್ಕೂ ಯಜ್ಞವೇದಿಗೂ ನಡುವೆ. ಎಡಬಲ ಅದಲುಬದಲಾಗುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು, ಏಕೆಂದರೆ ನಾವು ಮೇಜಿನ ಹಿಂದೆ ನಿಂತು ಜೋಡಿಸುತ್ತೇವೆ, ನೋಡುವವರು ಮುಂದೆ ನಿಲ್ಲುತ್ತಾರೆ. ನಿಜವಾದ ಗಾತ್ರದಲ್ಲಿ ಹೇಗಿದ್ದಿರಬಹುದೆಂಬ ಕುತೂಹಲವಿರುವವರು ಇಸ್ರೇಲಿನ ದಕ್ಷಿಣದ ತಿಮ್ನಾ ಉದ್ಯಾನದಲ್ಲಿರುವ ಪೂರ್ಣಪ್ರಮಾಣದ ಮಾದರಿಯ ಚಿತ್ರಗಳನ್ನು ನೋಡಬಹುದು.

ಬಿಚ್ಚಿ ಕಟ್ಟಿಡುವುದು

ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿದರೆ ಮುಂದಿನ ವರ್ಷ ಸಿಗುವುದು ಬೇಗಡೆಯ ಚೂರು. ಅರಣ್ಯಕಾಂಡದ 4ನೆಯ ಅಧ್ಯಾಯ ಅದಕ್ಕೂ ದಾರಿ ತೋರಿಸಿದೆ. ಮೇಜಿಗೆ ನೀಲಿ ಬಟ್ಟೆ, ಅದರ ಮೇಲೆ ಕೆಂಪು, ಆಮೇಲೆ ತೊಗಲು. ದೀಪಸ್ತಂಭಕ್ಕೂ ಧೂಪವೇದಿಗೂ ನೀಲಿ, ಮೇಲೆ ತೊಗಲು. ಯಜ್ಞವೇದಿಗೆ, ಬೂದಿ ತೆಗೆದ ಮೇಲೆ, ಧೂಮ್ರವರ್ಣ. ಮಂಜೂಷಕ್ಕೆ ಮೊದಲು ಆ ತೆರೆಯೇ ಹೊದಿಕೆ, ಅದರ ಮೇಲೆ ತೊಗಲು, ಎಲ್ಲಕ್ಕಿಂತ ಹೊರಗೆ ಅಪ್ಪಟ ನೀಲಿ. ಉಳಿದೆಲ್ಲವೂ ತೊಗಲಿನ ಬಣ್ಣದಲ್ಲಿ ಸಾಗುವಾಗ ಮಂಜೂಷವೊಂದೇ ದೂರದಿಂದ ನೀಲಿಯಾಗಿ ಕಾಣುತ್ತಿತ್ತು. ಟೈಲರ್ ಅಂಗಡಿಯ ಚಿಂದಿಗಳಲ್ಲಿ ಈ ಬಣ್ಣಗಳೆಲ್ಲ ಸಿಗುತ್ತವೆ. ತೊಗಲಿಗೆ ಹಳೆಯ ಚರ್ಮದ ಬ್ಯಾಗಿನ ಒಳಪದರ ಸಾಕು.

ಕೋಲುಗಳನ್ನು ತೆಗೆದು ಬೇರೆಯಾಗಿ ಸುತ್ತಿಡಬಹುದು, ಮಂಜೂಷದವನ್ನು ಬಿಟ್ಟು. ಅವು ಉಂಗುರಗಳಲ್ಲೇ ಇರಬೇಕು, ತೆಗೆಯಬಾರದು ಎಂದು 25:15 ಹೇಳುತ್ತದೆ. ಹಾಗಾಗಿ 10 ಸೆಂ.ಮೀ. ಪೆಟ್ಟಿಗೆಗೆ ನಾನು 22 ಸೆಂ.ಮೀ. ಉದ್ದದ ಡಬ್ಬ ಹುಡುಕಬೇಕಾಯಿತು. ಕೊನೆಗೆ ಒಪ್ಪಿದ್ದು ಮಗುವಿನ ಚಪ್ಪಲಿಯ ರಟ್ಟಿನ ಡಬ್ಬ. ಒಳಗೆಲ್ಲ ನೀಲಿ ಕಾಗದ ಅಂಟಿಸಿಟ್ಟಿದ್ದೇನೆ.